ಹಬ್ಬಕ್ಕೆ ಕಬ್ಬಿಣದ ತೂಗು ಅಲಂಕಾರ: ಹೊಸಬರು ಮೊದಲು ಯಾವುದನ್ನು ಬಡಿಯಬೇಕು?

ಕುಲುಮೆ ಕೆಲಸ ಕಲಿಯಬೇಕು ಅನ್ನುವ ಹುರುಪಿನಲ್ಲಿ ಹೆಚ್ಚಿನವರು ಮೊದಲು ಚಾಕು ಮಾಡಲು ಹೊರಡುತ್ತಾರೆ. ನನ್ನನ್ನು ಕೇಳಿದರೆ ಹಬ್ಬದ ತೂಗು ಅಲಂಕಾರದಿಂದ ಶುರು ಮಾಡಿ ಅನ್ನುತ್ತೇನೆ. ಚಾಕುವಿಗೆ ಒಳ್ಳೆಯ ಉಕ್ಕು ಬೇಕು, ಹದ ಕೊಡುವುದು ಬರಬೇಕು, ಅಂಚು ತೆಗೆಯಬೇಕು. ಬೆರಳುದ್ದದ ಒಂದು ಎಲೆಗೆ ಅದ್ಯಾವುದೂ ಬೇಡ. ಹಾರ್ಡ್‌ವೇರ್ ಅಂಗಡಿಯ ಸಾದಾ ಕಬ್ಬಿಣದ ಸರಳು, ಸುತ್ತಿಗೆ, ಇಕ್ಕಳ, ಇಟ್ಟು ಬಡಿಯಲು ಅಡಿಗಲ್ಲು (ಅಂದರೆ ಒಂದು ಉಕ್ಕಿನ ಗಟ್ಟಿ), ಬೆಂಕಿ ಇದ್ದರೆ ಆಯಿತು. ಮಾಡಿದ್ದನ್ನು ಅದೇ ವಾರ ದೀಪಾವಳಿಗೆ ಬಾಗಿಲಿಗೋ, ಕ್ರಿಸ್‌ಮಸ್ ಮರಕ್ಕೋ ತೂಗುಹಾಕಬಹುದು.

ಯಾವ ಅಲಂಕಾರ ಅನ್ನುವಲ್ಲಿಯೇ ಜನ ಎಡವುತ್ತಾರೆ. ಫೋಟೋದಲ್ಲಿ ಚೆಂದ ಕಂಡದ್ದನ್ನು ಆರಿಸುತ್ತಾರೆ. ಹಿಮದ ಹರಳು (ಸ್ನೋಫ್ಲೇಕ್) ನೋಡಲು ಸರಳ, ಮಾಡಲು ಕಷ್ಟ. ತಿರುಚಿದ ಕಡ್ಡಿ ನೋಡಿದರೆ ದೊಡ್ಡ ಕುಸುರಿ ಅನ್ನಿಸುತ್ತದೆ, ಮಾಡಿದರೆ ಸುಲಭ. ಹಾಗಾಗಿ ನಾನು ಎರಡೇ ವಿಷಯ ನೋಡುತ್ತೇನೆ. ತಪ್ಪಾದರೆ ತಿರುಗಿ ಕಾಯಿಸಿ ಸರಿಮಾಡಲು ಬರುತ್ತದಾ? ಮುಗಿದ ಮೇಲೆ ತೂಗುಹಾಕಲು ಆಗುವಷ್ಟು ಹಗುರ ಇರುತ್ತದಾ?

ತೂಕದ ಲೆಕ್ಕ ಮೊದಲೇ ಹೇಳಿಬಿಡುತ್ತೇನೆ. 6 ಮಿ.ಮೀ. ಚೌಕ ಸರಳು ಮೀಟರಿಗೆ ಸುಮಾರು 283 ಗ್ರಾಂ ತೂಗುತ್ತದೆ. 8 ಮಿ.ಮೀ. ಚೌಕ ಸುಮಾರು ಅರ್ಧ ಕೆ.ಜಿ., 10 ಮಿ.ಮೀ. ಚೌಕ 785 ಗ್ರಾಂ. ಬಡಿದರೆ ಆಕಾರ ಬದಲಾಗುತ್ತದೆ, ತೂಕ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಅಂದರೆ 10 ಮಿ.ಮೀ. ಸರಳಿನ 5 ಸೆಂ.ಮೀ. ತುಂಡಿನಿಂದ ಮಾಡಿದ ಎಲೆ ಎಷ್ಟೇ ಅಗಲವಾಗಲಿ, ಹತ್ತಿರಹತ್ತಿರ 39 ಗ್ರಾಂ. ಪ್ಲಾಸ್ಟಿಕ್ ಕ್ರಿಸ್‌ಮಸ್ ಮರದ ಕೊಂಬೆಗೆ 50 ಗ್ರಾಂ ದಾಟಿದ್ದನ್ನು ನಾನು ಹಾಕುವುದಿಲ್ಲ. ಕೊಂಬೆ ಜೋತುಬೀಳುತ್ತದೆ.

ಕೊಕ್ಕೆ: ಅಲಂಕಾರ ಅಲ್ಲ ಅಂತ ಬಿಡಬೇಡಿ

ದೀಪಾವಳಿಗೆ ಆಕಾಶಬುಟ್ಟಿ ತೂಗುಹಾಕಲು ಏನು ಬಳಸುತ್ತೀರಿ? ಕರಾವಳಿಯವರ ಗೂಡುದೀಪಕ್ಕೂ ಅದೇ ಪ್ರಶ್ನೆ. ಸಾಮಾನ್ಯವಾಗಿ ಒಂದು ತುಂಡು ಬೈಂಡಿಂಗ್ ವೈರ್. ಅದರ ಬದಲು ಎರಡೂ ತುದಿ ಚೂಪಾಗಿ ಸುರುಳಿ ಸುತ್ತಿದ ಒಂದು ಕೊಕ್ಕೆ ಇದ್ದರೆ ಬುಟ್ಟಿಗೇ ಒಂದು ಕಳೆ. 6 ಮಿ.ಮೀ. ಸರಳಿನ 20 ಸೆಂ.ಮೀ. ತುಂಡು ಸಾಕು. ತುದಿಯನ್ನು ಚೂಪು ಮಾಡುವುದು, ಸುರುಳಿ ಸುತ್ತುವುದು, ಬಗ್ಗಿಸುವುದು, ಇವು ಮೂರೂ ಇದರಲ್ಲಿ ಬರುತ್ತವೆ. ಮುಂದೆ ಹೇಳುವ ಹೆಚ್ಚಿನ ಅಲಂಕಾರಗಳಿಗೂ ಇವೇ ಪಾಠ. ಬಾಗು ಸರಿ ಬರಲಿಲ್ಲವೇ, ಕಾಯಿಸಿ ನೇರ ಮಾಡಿ ಮತ್ತೆ ಬಗ್ಗಿಸಿ. ಮೊದಲ ಆಯ್ಕೆ ಇದೇ.

ತಿರುಚಿದ ಕಡ್ಡಿ ಮತ್ತು ಕ್ಯಾಂಡಿ ಕೇನ್

ಚಳಿ ದೇಶಗಳಲ್ಲಿ ಸೂರಿನಿಂದ ನೀರು ಹೆಪ್ಪುಗಟ್ಟಿ ಕಡ್ಡಿಕಡ್ಡಿಯಾಗಿ ಇಳಿಬೀಳುತ್ತದಲ್ಲ, ಅದರ ಆಕಾರವನ್ನು ಅಲ್ಲಿನ ಕಮ್ಮಾರರು ಕ್ರಿಸ್‌ಮಸ್ ಮರಕ್ಕೆ ಬಡಿಯುತ್ತಾರೆ. ಊರುಗೋಲಿನಂತೆ ಬಾಗಿದ ಮಿಠಾಯಿ, ಕ್ಯಾಂಡಿ ಕೇನ್, ಇದರದೇ ತಮ್ಮ. ಎರಡಕ್ಕೂ ಒಂದೇ ಕೆಲಸ: ಕಾದ ಚೌಕ ಸರಳನ್ನು ತಿರುಚುವುದು.

ಸರಳು ಚೌಕವೇ ಇರಬೇಕು. ದುಂಡು ಸರಳನ್ನು ತಿರುಚಿದರೆ ಏನೂ ಕಾಣುವುದಿಲ್ಲ. ಚೌಕದ ನಾಲ್ಕು ಮೂಲೆಗಳು ಸುತ್ತಿ ಸುತ್ತಿ ಇಳಿದಾಗಲೇ ಬೆಳಕು ಅದರ ಮೇಲೆ ಆಡುತ್ತದೆ. ಒಂದು ತುದಿಯನ್ನು ವೈಸ್‌ಗೆ ಕಚ್ಚಿಸಿ, ಇನ್ನೊಂದು ತುದಿಯನ್ನು ಸ್ಪ್ಯಾನರ್‌ನಿಂದ ಹಿಡಿದು ತಿರುಗಿಸಿದರೆ ಆಯಿತು. ಆದರೆ ಸರಳು ಉದ್ದಕ್ಕೂ ಒಂದೇ ಬಣ್ಣಕ್ಕೆ ಕಾದಿರಬೇಕು. ಎಲ್ಲಿ ಜಾಸ್ತಿ ಕಾದಿದೆಯೋ ಅಲ್ಲಿ ಮೆತ್ತಗಿರುತ್ತದೆ, ತಿರುಚು ಅಲ್ಲೇ ಒತ್ತೊತ್ತಾಗಿ ಸೇರಿಕೊಳ್ಳುತ್ತದೆ. ಹಾಗಾಗುವುದು ಕಂಡ ಕೂಡಲೇ ಆ ಜಾಗಕ್ಕೆ ಒಂದೆರಡು ಹನಿ ನೀರು ಬಿಡಿ. ಅದು ಗಟ್ಟಿಯಾಗುತ್ತದೆ, ತಿರುಚು ಪಕ್ಕಕ್ಕೆ ಸರಿಯುತ್ತದೆ. ಈ ಒಂದು ಉಪಾಯ ಗೊತ್ತಿದ್ದರೆ ಅರ್ಧ ಕೆಲಸ ಬಂದ ಹಾಗೆ. ಕೊನೆಗೆ ಸರಳು ಸೊಟ್ಟಗಾಗಿದ್ದರೆ ಮರದ ಕೊಡತಿಯಿಂದ ನೇರ ಮಾಡಿ. ಕಬ್ಬಿಣದ ಸುತ್ತಿಗೆ ಹಾಕಿದರೆ ಮೂಲೆಗಳು ಚಪ್ಪಟೆಯಾಗಿ ತಿರುಚಿನ ಅಂದ ಹೋಗುತ್ತದೆ.

ಎರಡರಲ್ಲಿ ಯಾವುದು? ಕಡ್ಡಿಗೆ ಮೊದಲು ತುದಿಯನ್ನು ಉದ್ದಕ್ಕೆ ಚೂಪು ಮಾಡಬೇಕು. ಸಪೂರ ತುದಿ ಬೇಗ ಕಾಯುತ್ತದೆ, ದಪ್ಪ ಭಾಗ ನಿಧಾನ. ಹಾಗಾಗಿ ತಿರುಚು ತುದಿಗೆ ಹೋಗುತ್ತಾ ಒತ್ತಾಗುತ್ತದೆ. ಕಡ್ಡಿಗೆ ಅದೇ ಚೆಂದ, ತಪ್ಪು ಅಂತ ಯಾರಿಗೂ ಅನ್ನಿಸುವುದಿಲ್ಲ. ಕ್ಯಾಂಡಿ ಕೇನ್‌ಗೆ ಹಾಗಲ್ಲ. ಸರಳು ಕೊನೆಯವರೆಗೂ ಒಂದೇ ದಪ್ಪ, ತಿರುಚು ಏರುಪೇರಾದರೆ ಎದ್ದು ಕಾಣುತ್ತದೆ. ಜೊತೆಗೆ ತಿರುಚಿದ ಮೇಲೆ ಬಗ್ಗಿಸಬೇಕು. ಕಡ್ಡಿ ಮೊದಲು ಮಾಡಿ, ಕೈ ಕುದುರಿದ ಮೇಲೆ ಕೇನ್. 6 ಮಿ.ಮೀ. ಚೌಕದ 15 ಸೆಂ.ಮೀ. ತುಂಡಿಗೆ 42 ಗ್ರಾಂ ತೂಕ, ಮರದ ಕೊಂಬೆಗೆ ಸರಿ.

ಎಲೆ: ಎಲ್ಲಕ್ಕಿಂತ ಜಾಸ್ತಿ ಕಲಿಸುವುದು

ನನಗೆ ಅತಿ ಇಷ್ಟದ್ದು ಎಲೆ. ಹೊರದೇಶದ ಕುಲುಮೆ ತರಗತಿಗಳಲ್ಲಿಯೂ ಹೊಸಬರ ಕೈಗೆ ಮೊದಮೊದಲು ಕೊಡುವ ಕೆಲಸಗಳಲ್ಲಿ ಎಲೆ ಇದ್ದೇ ಇರುತ್ತದೆ. ಅಲ್ಲಿ ಅದನ್ನು ಕೀಚೈನ್ ಮಾಡುತ್ತಾರೆ. ನಮಗೆ ಅದಕ್ಕಿಂತ ಒಳ್ಳೆಯ ಉಪಯೋಗ ಇದೆ: ಕಬ್ಬಿಣದ ಮಾವಿನ ಎಲೆಗಳ ತೋರಣ. ಹನ್ನೊಂದು ಎಲೆ ಕಟ್ಟಿದರೂ ಅರ್ಧ ಕೆ.ಜಿ. ಆಗುವುದಿಲ್ಲ. ಬಾಗಿಲ ಚೌಕಟ್ಟಿಗೆ ಹೊಡೆದ ಎರಡು ಗಟ್ಟಿ ಮೊಳೆ ಅದನ್ನು ಹೊರುತ್ತವೆ. ಯುಗಾದಿಗೂ ಆಯಿತು, ದೀಪಾವಳಿಗೂ ಆಯಿತು.

ಕೆಲಸ ಹೀಗೆ ಸಾಗುತ್ತದೆ. 10 ಮಿ.ಮೀ. ಚೌಕ ಸರಳಿನ ತುದಿಯನ್ನು ಕಿತ್ತಳೆ ಬಣ್ಣ ದಾಟಿ ಹಳದಿಗೆ ಬರುವವರೆಗೆ ಕಾಯಿಸಿ. ಅಡಿಗಲ್ಲಿನ ಮೇಲಿಟ್ಟು ತುದಿಯನ್ನು ಮೊಂಡಾಗಿ ಚೂಪು ಮಾಡಿ. ಸೂಜಿಯಷ್ಟು ಚೂಪು ಬೇಡ, ಮುಂದೆ ಅದು ಸುಟ್ಟುಹೋಗುತ್ತದೆ. ನಂತರ ತುದಿಯಿಂದ ಎರಡು ಬೆರಳು ಹಿಂದಕ್ಕೆ, ಅಡಿಗಲ್ಲಿನ ಅಂಚಿನ ಮೇಲೆ ಸರಳನ್ನು ಇಡಿ. ಸುತ್ತಿಗೆಯ ಅರ್ಧ ಮುಖ ಅಡಿಗಲ್ಲಿನ ಮೇಲೆ, ಅರ್ಧ ಹೊರಗೆ ಬರುವಂತೆ ಪೆಟ್ಟು ಹಾಕಿ. ಅಲ್ಲೊಂದು ಕುತ್ತಿಗೆ ಬೀಳುತ್ತದೆ. ಕುತ್ತಿಗೆಯ ಮುಂದಿನದು ಎಲೆ, ಹಿಂದಿನದು ತೊಟ್ಟು.

ಈ ಹಂತದಲ್ಲಿ ಅಂಚು ತೀರಾ ಹರಿತ ಇರಬಾರದು. ಹರಿತ ಅಂಚು ಕಬ್ಬಿಣವನ್ನು ಕಚ್ಚುತ್ತದೆ, ಒಳಗೊಂದು ಸೀಳು ಬಿಡುತ್ತದೆ. ಎಲೆ ಪೂರ್ತಿ ಆಗಿ, ತೊಟ್ಟನ್ನು ಬಗ್ಗಿಸುವಾಗ ಸರಿಯಾಗಿ ಅಲ್ಲೇ ಪಟ್ಟಂತ ಮುರಿಯುತ್ತದೆ. ಅಡಿಗಲ್ಲಿನ ಒಂದು ಅಂಚನ್ನು ಗ್ರೈಂಡರ್‌ನಿಂದ ಸ್ವಲ್ಪ ದುಂಡಗೆ ಮಾಡಿಟ್ಟುಕೊಂಡರೆ ಈ ತೊಂದರೆ ಇಲ್ಲ.

ತೊಟ್ಟನ್ನು ಬಡಿದು ಬಡಿದು ಸಪೂರವಾಗಿ ಎಳೆದ ಮೇಲೆ ಕೊನೆಯಲ್ಲಿ ಎಲೆಯನ್ನು ತಟ್ಟಿ ಚಪ್ಪಟೆ ಮಾಡಿ. ಕ್ರಮ ತಿರುಗಾಮುರುಗಾ ಆಗಬಾರದು. ದಪ್ಪ ಭಾಗದ ಕೆಲಸ ಮೊದಲು, ತೆಳು ಭಾಗದ್ದು ಕೊನೆಗೆ. ಎಲೆಯನ್ನು ಮೊದಲೇ ತೆಳ್ಳಗೆ ಮಾಡಿಬಿಟ್ಟರೆ ತೊಟ್ಟಿಗಾಗಿ ಮತ್ತೆ ಬೆಂಕಿಗೆ ಇಟ್ಟಾಗ ಎಲೆಯ ಅಂಚು ಕಿಡಿ ಕಾರಿ ಉರಿದುಹೋಗುತ್ತದೆ. ಉರಿದ ಕಬ್ಬಿಣವನ್ನು ಸರಿಮಾಡಲು ಆಗುವುದಿಲ್ಲ, ಕತ್ತರಿಸಿ ಎಸೆಯಬೇಕು.

ಚಪ್ಪಟೆ ಮಾಡಲು ಒಂದು ಕಡೆ ಅಡ್ಡ ಅಂಚು ಇರುವ ಕ್ರಾಸ್ ಪೀನ್ ಸುತ್ತಿಗೆ ತುಂಬಾ ಅನುಕೂಲ. 800 ಗ್ರಾಂನಿಂದ ಒಂದು ಕೆ.ಜಿ. ಒಳಗಿನದು ಸಾಕು. ಆ ಅಂಚು ಎಲೆಗೆ ಅಡ್ಡವಾಗಿ ಬಿದ್ದರೆ ಎಲೆ ಉದ್ದವಾಗುತ್ತದೆ. ಎಲೆಯ ಉದ್ದಕ್ಕೆ ಸರಿಯಾಗಿ ಬಿದ್ದರೆ ಅಗಲವಾಗುತ್ತದೆ. ಮಾವಿನ ಎಲೆಯೋ ಅರಳಿ ಎಲೆಯೋ ಅನ್ನುವ ಆಯ್ಕೆ ನಿಂತಿರುವುದು ಇಲ್ಲೇ. ಮಾವಿನ ಎಲೆ ಉದ್ದ, ಸಪೂರ. ಸರಳು ಹೇಗೂ ಉದ್ದಕ್ಕೇ ಇದೆ, ಅದನ್ನು ಇನ್ನಷ್ಟು ಎಳೆದರೆ ಆಯಿತು. ಅರಳಿ ಎಲೆ ಅಗಲ, ಮೇಲೆ ಬಾಲದಂಥ ತುದಿ. ಅಗಲಿಸಲು ಹೋದಂತೆ ಲೋಹ ತೆಳುವಾಗುತ್ತದೆ, ಬೇಗ ಆರುತ್ತದೆ, ಆರಿದ ಮೇಲೆ ಬಡಿದರೆ ಅಂಚು ಒಡೆಯುತ್ತದೆ. ಹೊಸಬರಿಗೆ ಕಣ್ಣುಮುಚ್ಚಿ ಮಾವಿನ ಎಲೆ. ನಡುವಿನ ನರಕ್ಕೆ ಮೊಂಡು ಉಳಿಯಿಂದ ಒಂದು ಗೆರೆ ಎಳೆದು, ತೊಟ್ಟನ್ನು ಬಳೆಯ ಹಾಗೆ ಸುತ್ತಿದರೆ ದಾರ ಪೋಣಿಸಲು ಜಾಗವೂ ಸಿಕ್ಕಿತು.

ಸುರುಳಿ ಮರ

ಕ್ರಿಸ್‌ಮಸ್ ಮರದ ಆಕಾರದ ಸುರುಳಿ ನೋಡಿದವರೆಲ್ಲ ಕೇಳುವಂಥದ್ದು. 6 ಮಿ.ಮೀ. ದುಂಡು ಸರಳನ್ನು 30 ಸೆಂ.ಮೀ. ತೆಗೆದುಕೊಂಡು ಮೊದಲು ಚಪ್ಪಟೆಯಾಗಿ, ಸುತ್ತುಗಳ ನಡುವೆ ಸಂದು ಬಿಟ್ಟು ಸುತ್ತುತ್ತೀರಿ. ಆಮೇಲೆ ಕಾಯಿಸಿ ನಡುವಿನ ತುದಿಯನ್ನು ಇಕ್ಕಳದಿಂದ ಮೇಲಕ್ಕೆ ಎಳೆದರೆ ಅದು ಗೋಪುರದ ಹಾಗೆ ಎದ್ದು ನಿಲ್ಲುತ್ತದೆ. ಬಡಿಯುವುದು ಕಡಿಮೆ, ಬಗ್ಗಿಸುವುದೇ ಜಾಸ್ತಿ. ತಪ್ಪಾದರೆ ಬಿಚ್ಚಿ ಮತ್ತೆ ಸುತ್ತಬಹುದು. ತೊಂದರೆ ಎರಡು: ತೂಕ 67 ಗ್ರಾಂ ಆಗುತ್ತದೆ, ಹಾಗಾಗಿ ಕೊಂಬೆಗಿಂತ ಮೇಜಿನ ಮೇಲೆ ನಿಲ್ಲಿಸಲು ಲಾಯಕ್ಕು. ಎಳೆಯುವ ಹೊತ್ತಿಗೆ ಇಡೀ ಸುರುಳಿ ಒಟ್ಟಿಗೆ ಕೆಂಪಾಗಿರಬೇಕು, ಚಿಕ್ಕ ಇದ್ದಿಲ ಒಲೆಯಲ್ಲಿ ಅದು ಕಷ್ಟ.

ನಕ್ಷತ್ರ ಮತ್ತು ಹಿಮದ ಹರಳು

ನಕ್ಷತ್ರವನ್ನು ಸರಳಿನಿಂದ ಬಡಿಯಲು ಹೋಗಬೇಡಿ. 1.6 ಮಿ.ಮೀ. ತಗಡಿನಲ್ಲಿ ಗೆರೆ ಹಾಕಿ, ಚಾಣದಿಂದ ಕತ್ತರಿಸಿ, ಅರದಿಂದ ಅಂಚು ಉಜ್ಜಿ. ಆಮೇಲೆ ಪ್ರತಿ ತುದಿಯಿಂದ ನಡುವಿಗೆ ಮೊಂಡು ಉಳಿಯಲ್ಲಿ ಗೆರೆ ಕೊಟ್ಟರೆ ನಕ್ಷತ್ರ ಉಬ್ಬಿಕೊಂಡು ಏಳುತ್ತದೆ. ನಡುವಿನಿಂದ ತುದಿಗೆ 4 ಸೆಂ.ಮೀ. ಇರುವ ಐದು ಮೂಲೆಯ ನಕ್ಷತ್ರಕ್ಕೆ ಸುಮಾರು 23 ಗ್ರಾಂ. ಈ ಪಟ್ಟಿಯಲ್ಲೇ ಹಗುರ. ಆದರೆ ಇದರಲ್ಲಿ ಅರದ ಕೆಲಸವೇ ಹೆಚ್ಚು, ಸುತ್ತಿಗೆ ಕಲಿಸುವುದು ಕಡಿಮೆ. ಕುಲುಮೆ ಇಲ್ಲದ ಅಪಾರ್ಟ್‌ಮೆಂಟ್‌ನವರಿಗೆ ಒಳ್ಳೆಯದು.

ಹಿಮದ ಹರಳಿಗೆ ಆರು ತೋಳು. ಮೂರು ಪಟ್ಟಿಗಳನ್ನು ನಡುವೆ ಒಂದರ ಮೇಲೊಂದು ಇಟ್ಟು ರಿವೆಟ್ (ತೂತಿನಲ್ಲಿ ತೂರಿಸಿ ತುದಿ ಬಡಿದು ಬಿಗಿಯುವ ಮೊಳೆ) ಹೊಡೆಯಬೇಕು. ನಡುಭಾಗವನ್ನು ಮೊದಲೇ ತೆಳ್ಳಗೆ ತಟ್ಟದಿದ್ದರೆ ಮೂರೂ ಸೇರಿ ಗಂಟಿನಂತೆ ಉಬ್ಬುತ್ತದೆ. ತೂತುಗಳು ಕೂದಲೆಳೆಯಷ್ಟು ತಪ್ಪಿದರೂ ತೋಳು ಓರೆಯಾಗುತ್ತದೆ. 12×3 ಮಿ.ಮೀ. ಪಟ್ಟಿಯ 10 ಸೆಂ.ಮೀ. ತುಂಡುಗಳಲ್ಲಿ ಮಾಡಿದರೆ 85 ಗ್ರಾಂ ಬೇರೆ. ಎರಡನೇ ವರ್ಷಕ್ಕೆ ಇಟ್ಟುಕೊಳ್ಳಿ. ಗಂಟೆಯ ಆಕಾರದ ಅಲಂಕಾರವನ್ನೂ ಅದೇ ಸಾಲಿಗೆ ಸೇರಿಸುತ್ತೇನೆ.

ಹೊಸ ಆಕಾರಗಳು ಬೇಕು ಅನ್ನಿಸಿದಾಗ ಛತ್ತೀಸಗಡದ ಬಸ್ತರ್ ಕಡೆಯ ಕಬ್ಬಿಣದ ಕೆಲಸ ನೋಡಿ. ಕೊಂಡಗಾಂವ್ ಸುತ್ತಮುತ್ತಲಿನ ಲೋಹಾರರು ಹಳೆ ಕಬ್ಬಿಣವನ್ನು ಕಾಯಿಸಿ, ಸೀಳಿ, ಬಗ್ಗಿಸಿ ದೀಪ, ಜಿಂಕೆ, ಹಕ್ಕಿ ಮಾಡುತ್ತಾರೆ. ಒಂದು ಸೀಳಿನಿಂದ ಎರಡು ಕಾಲೋ ಎರಡು ಕೊಂಬೋ ಹೇಗೆ ಹುಟ್ಟುತ್ತವೆ ಅನ್ನುವುದನ್ನು ಅವರ ಕೆಲಸ ನೋಡಿ ಕಲಿಯಬೇಕು.

ಯಾವ ಲೋಹ?

ಎಂ.ಎಸ್. ಅಂತ ಅಂಗಡಿಯಲ್ಲಿ ಕೇಳಿದರೆ ಸಿಗುವ ಸಾದಾ ಮೆದು ಉಕ್ಕೇ ಹೊಸಬರಿಗೆ ಸರಿ. ಕಾದಾಗ ಬಡಿದಂತೆ ಚೆನ್ನಾಗಿ ಆಕಾರ ತಳೆಯುತ್ತದೆ, ನೀರಿಗೆ ಅದ್ದಿದರೂ ಮುರಿಯುವುದಿಲ್ಲ. ಮನೆ ಕಟ್ಟಿ ಉಳಿದ ಟಿ.ಎಂ.ಟಿ. ಸರಳು ಪುಕ್ಕಟೆ ಸಿಗುತ್ತದೆ, ನಿಜ. ಅದರ ಮೈಮೇಲಿನ ಏಣುಗಳು ಬಡಿದಾಗ ಮಡಚಿಕೊಂಡು ಒಳಗೆ ಸೇರುತ್ತವೆ, ಎಲೆಯ ಮೇಲೆ ಸೀಳುಗಳಾಗಿ ಕಾಣುತ್ತವೆ. ಕೊಕ್ಕೆಗೆ ಪರವಾಗಿಲ್ಲ, ಎಲೆಗೆ ಬೇಡ. ಲಾರಿಯ ಸ್ಪ್ರಿಂಗ್ ಪಟ್ಟಿಯಲ್ಲಿ ಇಂಗಾಲ ಜಾಸ್ತಿ. ಕೆಂಪಗಿರುವಾಗ ನೀರಿಗೆ ಹಾಕಿದರೆ ಗಾಜಿನಂತೆ ಬಿರಿಯಬಹುದು. ಅದು ಚಾಕು, ಉಳಿ ಮಾಡುವವರಿಗೆ ಇರಲಿ.

ಜಿ.ಐ. (ಅಂದರೆ ಸತು ಲೇಪಿಸಿದ) ಸರಳು, ಜಿ.ಐ. ಪೈಪು, ಹೊಳೆಯುವ ಬೋಲ್ಟು ಯಾವುದನ್ನೂ ಬೆಂಕಿಗೆ ಇಡಬೇಡಿ. ಅದರ ಮೇಲಿನ ಸತು 907 ಡಿಗ್ರಿಗೆ ಕುದಿಯುತ್ತದೆ. ಕಬ್ಬಿಣ ಬಡಿಯುವ ಬಿಸಿ ಅದಕ್ಕಿಂತ ಮೇಲೆ. ಆ ಬಿಳಿ ಹೊಗೆ ಕುಡಿದರೆ ಚಳಿಜ್ವರ, ಮೈಕೈ ನೋವು ಬಂದು ಮಲಗುತ್ತೀರಿ. ಜಾಸ್ತಿ ಆದರೆ ಅಪಾಯವೇ.

ಕುಲುಮೆಯ ಸವಲತ್ತು ಇಲ್ಲದವರಿಗೆ ತಾಮ್ರ ಒಳ್ಳೆಯ ದಾರಿ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಅರ್ಥಿಂಗ್‌ಗೆ ಅಂತ ಮಾರುವ 8 ನಂಬರ್ ಬರಿ ತಾಮ್ರದ ತಂತಿ ಸುಮಾರು 4 ಮಿ.ಮೀ. ದಪ್ಪ. ಕಬ್ಬಿಣಕ್ಕೆ ಹೋಲಿಸಿದರೆ ದುಬಾರಿ, ಆದರೆ ತಣ್ಣಗೆ ಇರುವಾಗಲೇ ಬಡಿಯಬಹುದು. ಬಡಿದಂತೆ ಗಟ್ಟಿಯಾಗುತ್ತದೆ. ಆಗ ಚಿಕ್ಕ ಗ್ಯಾಸ್ ಟಾರ್ಚ್‌ನಿಂದ ಮಂದ ಕೆಂಪಿಗೆ ಕಾಯಿಸಿ ನೀರಿಗೆ ಅದ್ದಿದರೆ ಮತ್ತೆ ಮೆದು. ತಾಮ್ರ 1085 ಡಿಗ್ರಿಗೆ ಕರಗಿಬಿಡುತ್ತದೆ, ಹಾಗಾಗಿ ಕುಲುಮೆಯ ಬೆಂಕಿಯಲ್ಲಿ ಇಟ್ಟು ಆಚೀಚೆ ನೋಡುವ ಹಾಗಿಲ್ಲ. ಚಿಕ್ಕ ಎಲೆ, ಸುರುಳಿಗೆ ಇದು ಬಹಳ ಚೆಂದ. ಮಿಕ್ಕ ತುಂಡುಗಳು ಮುಂದೆ ಹಿಮದ ಹರಳಿನ ರಿವೆಟ್‌ಗೆ ಆಗುತ್ತವೆ.

ಇದ್ದಿಲೋ ಗ್ಯಾಸೋ?

ಇದ್ದಿಲು ಎಲ್ಲ ಕಡೆ ಸಿಗುತ್ತದೆ. ಒಂದು ಬ್ಲೋವರ್, ಮಣ್ಣು ಮೆತ್ತಿದ ಹಳೆ ಬಾಣಲೆ ಇದ್ದರೆ ಕುಲುಮೆ ಸಿದ್ಧ. ಬೇಕಾದ ಜಾಗವನ್ನಷ್ಟೇ ಕಾಯಿಸಬಹುದು. ಆದರೆ ಸರಳಿನ ತುದಿ ಕೆಂಡದೊಳಗೆ ಹೂತಿರುತ್ತದೆ, ಬಣ್ಣ ಕಾಣುವುದಿಲ್ಲ. ಗಾಳಿ ಸ್ವಲ್ಪ ಜಾಸ್ತಿಯಾದರೂ ತೆಳು ತುದಿ ಸುಟ್ಟಿರುತ್ತದೆ. ಗ್ಯಾಸ್ ಕುಲುಮೆಗೆ ಮೊದಲ ಖರ್ಚು ಜಾಸ್ತಿ. ಬಿಸಿ ಮಾತ್ರ ಒಂದೇ ಸಮ, ಬಣ್ಣ ಕಣ್ಣೆದುರೇ ಕಾಣುತ್ತದೆ. ತಿರುಚಲೂ ಸುರುಳಿಗೂ ಉದ್ದ ಕಾವು ಬೇಕಲ್ಲ, ಅದಕ್ಕೆ ಇದೇ ಒಳ್ಳೆಯದು. ಚಿಕ್ಕ ಅಲಂಕಾರಗಳಿಗೆ ನನ್ನ ಮತ ಗ್ಯಾಸ್‌ಗೆ. ಒಂದೆರಡು ಹಬ್ಬಕ್ಕೆ ಮಾತ್ರ ಮಾಡುವವರು ಇದ್ದಿಲಿನಲ್ಲೇ ಕೊಕ್ಕೆ, ಎಲೆ ಮಾಡಿಕೊಳ್ಳಬಹುದು, ಅಷ್ಟು ಹಣ ಹಾಕುವುದು ಬೇಡ.

ಅಡುಗೆಮನೆಯ 14.2 ಕೆ.ಜಿ. ಸಿಲಿಂಡರ್ ಎಳೆದು ತರಬೇಡಿ, ಅದನ್ನು ಕೊಟ್ಟಿರುವುದು ಮನೆಯ ಅಡುಗೆಗೆ. 19 ಕೆ.ಜಿ. ವಾಣಿಜ್ಯ ಸಿಲಿಂಡರ್, ಸರಿಯಾದ ರೆಗ್ಯುಲೇಟರ್, ಒಳ್ಳೆಯ ಹೋಸ್ ಬೇಕು. ಇದ್ದಿಲಾಗಲಿ ಗ್ಯಾಸಾಗಲಿ, ಮುಚ್ಚಿದ ಕೋಣೆಯಲ್ಲಿ ಉರಿಸುವಂತಿಲ್ಲ. ಉರಿಯುವಾಗ ಏಳುವ ವಿಷಾನಿಲ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಅಡಿಗಲ್ಲಿಗೆ ರೈಲು ಹಳಿಯ ತುಂಡು ಸಿಗುತ್ತದಾ ಅಂತ ಬಹಳ ಜನ ಕೇಳುತ್ತಾರೆ. ಎಲ್ಲಿಂದ ಬಂತು ಅನ್ನುವ ದಾಖಲೆ ಇಲ್ಲದ ಹಳಿ ಇಟ್ಟುಕೊಂಡರೆ 1966ರ ರೈಲ್ವೆ ಆಸ್ತಿ ಕಾಯ್ದೆಯಡಿ ಕೇಸು ಬೀಳಬಹುದು. ಸುಮ್ನೆ ಯಾಕೆ ತಲೆನೋವು, ಗುಜರಿ ಅಂಗಡಿಯಲ್ಲಿ ದಪ್ಪ ಉಕ್ಕಿನ ಗಟ್ಟಿ ಹುಡುಕಿ ಮರದ ದಿಮ್ಮಿಗೆ ಕೂರಿಸಿ. ಈ ಕೆಲಸಕ್ಕೆ ಧಾರಾಳ ಸಾಕು.

ಇಷ್ಟೆಲ್ಲ ಹೊಂದಿಸುವ ಮೊದಲು ಊರಿನ ಕಮ್ಮಾರರ ಕುಲುಮೆಯಲ್ಲಿ ಒಂದು ದಿನ ಕೇಳಿಕೊಂಡು ಕೂರುವುದು ಇನ್ನೂ ಒಳ್ಳೆಯದು. ಮುಂಗಾರಿನ ಶುರುವಿನಲ್ಲಿ ಮತ್ತು ಕೊಯ್ಲಿನ ಹೊತ್ತಿನಲ್ಲಿ ಹೋಗಬೇಡಿ. ಗುಳ, ಕುಡುಗೋಲು ತಟ್ಟಿಸಿಕೊಳ್ಳಲು ರೈತರು ಕಾದಿರುತ್ತಾರೆ. ಆ ದಿನದ ಅವರ ದುಡಿಮೆ ಎಷ್ಟೋ ಅಷ್ಟನ್ನು ಕೊಟ್ಟು ಕಲಿಯಿರಿ. ಅಮೆರಿಕದಲ್ಲಿರುವ ಕನ್ನಡಿಗರಿಗೆ ಬೇರೆ ದಾರಿ ಇದೆ. 1973ರಲ್ಲಿ ಶುರುವಾದ ಅಬಾನಾ ಅನ್ನುವ ಕಮ್ಮಾರರ ಸಂಘದ ಜೊತೆ ಸೇರಿಕೊಂಡ ಸ್ಥಳೀಯ ಗುಂಪುಗಳು ಹಲವು ರಾಜ್ಯಗಳಲ್ಲಿವೆ. ಉತ್ತರ ಕೆರೊಲಿನಾದಲ್ಲಿ 1925ರಿಂದ ಇರುವ ಜಾನ್ ಸಿ. ಕ್ಯಾಂಪ್‌ಬೆಲ್ ಫೋಕ್ ಸ್ಕೂಲ್‌ನಲ್ಲಿ ಕಮ್ಮಾರಿಕೆಯ ತರಗತಿ ನಡೆಯುತ್ತದೆ.

ಕೊನೆಯ ಹೊಳಪು

ಮೂರು ದಾರಿ ಇವೆ. ಒಳಗೆ ತೂಗುಹಾಕುವ ಕಡ್ಡಿ, ಎಲೆಗೆ ಜೇನುಮೇಣ. ಕಬ್ಬಿಣದ ಕೆಂಪು ಪೂರ್ತಿ ಹೋಗಿ, ಮೇಣ ತಾಗಿಸಿದರೆ ಕರಗಿ ಸಣ್ಣಗೆ ಹೊಗೆ ಏಳುವಷ್ಟು ಬಿಸಿ ಇರುವಾಗ ಸವರಿ ಬಟ್ಟೆಯಲ್ಲಿ ಒರೆಸಿ. ಕಪ್ಪು ಮೈಗೆ ತಣ್ಣನೆಯ ಮಿನುಗು ಬರುತ್ತದೆ. ಅಗಸೆ ಎಣ್ಣೆಯೂ ಆಗುತ್ತದೆ, ಆದರೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಅದು ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಹರಡಿ ಒಣಗಿಸಿ, ಇಲ್ಲವೇ ನೀರಲ್ಲಿ ನೆನೆಸಿಡಿ. ಇನ್ನೊಂದು, ಹಿತ್ತಾಳೆ ಬ್ರಷ್. ಮೇಣ ಹಚ್ಚುವ ಮೊದಲು, ಇನ್ನೂ ಬಿಸಿ ಇರುವಾಗ ಎಲೆಯ ಅಂಚಿಗೆ ಉಜ್ಜಿದರೆ ಹಿತ್ತಾಳೆ ಅಂಟಿಕೊಂಡು ಬಂಗಾರದ ಛಾಯೆ ಕೊಡುತ್ತದೆ. ದೀಪಾವಳಿ ತೋರಣಕ್ಕೆ ಇದಕ್ಕಿಂತ ಚೆಂದದ್ದು ನಾನು ಕಂಡಿಲ್ಲ. ಹೊರಗೆ ಮಳೆಗಾಳಿಗೆ ಇರುವ ಆಕಾಶಬುಟ್ಟಿಯ ಕೊಕ್ಕೆಗೆ ಮಾತ್ರ ಮೇಣ ಸಾಲದು, ಬಣ್ಣ ಅಥವಾ ಲ್ಯಾಕರ್ ಬೇಕೇ ಬೇಕು. ಮಂಗಳೂರು, ಉಡುಪಿ, ಕಾರವಾರದ ಕಡೆಯವರು ಒಳಗಿನದಕ್ಕೂ ಲ್ಯಾಕರ್ ಹಾಕಿ. ಉಪ್ಪುಗಾಳಿಗೆ ಮೇಣ ಒಂದು ಮಳೆಗಾಲ ತಡೆಯುವುದೂ ಕಷ್ಟ.

ಹತ್ತಿ ಬಟ್ಟೆ, ಮುಚ್ಚಿದ ಚರ್ಮದ ಬೂಟು, ಕಣ್ಣಿಗೆ ಕನ್ನಡಕ ಇಲ್ಲದೆ ಕುಲುಮೆ ಹತ್ತಿರ ಹೋಗಬೇಡಿ. ಪಾಲಿಯೆಸ್ಟರ್ ಕಿಡಿಗೆ ಕರಗಿ ಮೈಗೆ ಅಂಟುತ್ತದೆ. ಕೆಂಪಗಿರುವ ಕಬ್ಬಿಣಕ್ಕೆ ಎಲ್ಲರೂ ಹೆದರುತ್ತಾರೆ, ಕೈ ಸುಡುವುದು ಕಪ್ಪಗಾದ ಮೇಲೆ. ನೆಲಕ್ಕೆ ಬಿದ್ದ ಎಲೆಯನ್ನು ಮಕ್ಕಳು ಎತ್ತಿಕೊಳ್ಳಲು ಓಡಿ ಬರುತ್ತಾರೆ, ಅವರನ್ನು ದೂರ ಇಡಿ.

ಅಂಗಡಿಗೆ ಹೋಗುವಾಗ ಈ ಚೀಟಿ ಇರಲಿ: 6 ಮಿ.ಮೀ. ಚೌಕ ಎರಡು ಮೀಟರ್, 10 ಮಿ.ಮೀ. ಚೌಕ ಒಂದು ಮೀಟರ್. ಒಟ್ಟು ಸುಮಾರು 1.35 ಕೆ.ಜಿ. ಕಬ್ಬಿಣ. ಇದರಲ್ಲಿ ಎರಡು ಕೊಕ್ಕೆ, ಹತ್ತು ಕಡ್ಡಿ, ಹನ್ನೊಂದು ಎಲೆಯ ತೋರಣ ಆಗಿ ಇನ್ನೂ ಕೆಲವು ಎಲೆ ಕೆಡಿಸಲು ಸರಳು ಉಳಿಯುತ್ತದೆ. 10 ಮಿ.ಮೀ. ಸರಳನ್ನು ಅಂಗಡಿಯಲ್ಲೇ ಅರ್ಧರ್ಧ ಮೀಟರ್ ಕತ್ತರಿಸಿ ಕೊಡಿ ಅನ್ನಿ. ಅಷ್ಟು ಉದ್ದ ಇದ್ದರೆ ಹಿಂದಿನ ತುದಿ ಬಿಸಿಯೇರುವುದಿಲ್ಲ, ಕೈಯಲ್ಲೇ ಹಿಡಿದು ಎಲೆ ಬಡಿಯಬಹುದು. ಇಕ್ಕಳ ಬೇಕಾಗುವುದು ಸರಳು ಗಿಡ್ಡವಾದ ಮೇಲೆ ಮತ್ತು ಎಲೆಯನ್ನು ಕತ್ತರಿಸಿ ತೊಟ್ಟು ಸುತ್ತುವಾಗ ಮಾತ್ರ.